ಮಗು ಹುಟ್ಟುವ ಮುಂಚೆಯೇ ಏನೇನು ಅಡುಗೆ ಮಾಡಿಟ್ಟುಕೊಳ್ಳಬಹುದು?

ಸಹಾಯಕ್ಕೆ ಹಿರಿಯರು ಯಾರೂ ಇಲ್ಲದ ಮನೆಯ ಬಗ್ಗೆ ಕೇಳಿದ್ದೀರಿ. ಪೂರ್ತಿ ಊಟ ಮಾಡಿಡುವುದಕ್ಕಿಂತ ಅರ್ಧ ಕೆಲಸ ಮುಗಿಸಿಟ್ಟರೆ ಹೆಚ್ಚು ಉಪಯೋಗ.

ಮೊದಲು ಬೇಳೆ. ಅರ್ಧ ಕೆಜಿ ತೊಗರಿಬೇಳೆಯನ್ನು ಅರಿಶಿನ ಹಾಕಿ ಬೇಯಿಸಿ, ಅಗಲವಾದ ತಟ್ಟೆಯಲ್ಲಿ ಬೇಗ ಆರಿಸಿ, ಒಂದೊಂದು ಹೊತ್ತಿಗೆ ಬೇಕಾಗುವಷ್ಟನ್ನು ಸಣ್ಣ ಡಬ್ಬಿಗಳಲ್ಲಿ ಫ್ರೀಜರ್‌ಗೆ ಇಡಿ. ಡಬ್ಬಿಯಲ್ಲಿ ಬೆರಳಗಲ ಜಾಗ ಬಿಡಿ. ಹೆಪ್ಪುಗಟ್ಟುವಾಗ ಹಿಗ್ಗಿ ಮುಚ್ಚಳ ಏಳುತ್ತದೆ. 2 ತಿಂಗಳು ಚೆನ್ನಾಗಿರುತ್ತದೆ. ಹಿಂದಿನ ರಾತ್ರಿ ಕೆಳಗಿನ ಫ್ರಿಜ್‌ಗೆ ಇಳಿಸಿ, ಬೆಳಿಗ್ಗೆ ನೀರು, ಸಾರಿನಪುಡಿ, ಹುಣಸೆರಸ, ಉಪ್ಪು ಹಾಕಿ ಕುದಿಸಿದರೆ ಸಾರು ಸಿದ್ಧ. ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ. ಕರೆಂಟು ಪದೇ ಪದೇ ಹೋಗುವ ಊರಾದರೆ ಒಂದು ವಾರಕ್ಕಾಗುವಷ್ಟೇ ಮಾಡಿ. ಆಲೂಗಡ್ಡೆ ಹಾಕಿದ ಸಾಂಬಾರ್ ಬೇಡವೇ ಬೇಡ, ಹೋಳು ಹಿಟ್ಟುಹಿಟ್ಟಾಗಿ ನೀರು ಬಿಡುತ್ತದೆ.

ಉಪ್ಪಿಟ್ಟಿಗೆ, 2 ಲೋಟ ರವೆಗೆ 4 ಚಮಚ ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ. ಕರಿಬೇವು ಮುಟ್ಟಿದರೆ ಪುಡಿಯಾಗಬೇಕು. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ. ರವೆ ಹಾಕಿ ಘಮ್ಮೆನ್ನುವವರೆಗೆ ಹುರಿದು, ಪೂರ್ತಿ ಆರಿದ ಮೇಲೇ ಡಬ್ಬಿಗೆ ತುಂಬಿ. ಈರುಳ್ಳಿ, ತೆಂಗಿನಕಾಯಿ ಈಗ ಹಾಕಬೇಡಿ. ಬೇಕಾದಾಗ 1 ಲೋಟಕ್ಕೆ ಎರಡೂವರೆ ಲೋಟ ಕುದಿಯುವ ನೀರು, ರುಚಿಗೆ ಉಪ್ಪು.

ಒಂದು ಕೈಯಲ್ಲಿ ಮಗು ಇರುವಾಗ ತಿನ್ನಲು ಅಂಟಿನುಂಡೆಗೆ ಸಮನಾದದ್ದಿಲ್ಲ.

ಅನ್ನ ಮಾತ್ರ ಆಗಿಂದಾಗಲೇ ಮಾಡಿ. ಗಂಟೆಗಟ್ಟಲೆ ಹೊರಗಿಟ್ಟ ಅನ್ನದಲ್ಲಿ ಬ್ಯಾಕ್ಟೀರಿಯಾ ಉಂಟುಮಾಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಿಕ್ಕರೆ ಒಂದು ಗಂಟೆಯೊಳಗೆ ಫ್ರಿಜ್‌ಗೆ ಇಟ್ಟು, ಮರುದಿನವೇ ಮುಗಿಸಿ.