ಔಟ್‌ಬೋರ್ಡ್ ಇಂಜಿನ್ ಹತ್ತು ನಿಮಿಷ ಓಡಿ ನಿಲ್ಲುತ್ತಿದೆಯೇ? ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಪೆಟ್ರೋಲ್ ಪೈಪಿನ ಬಲ್ಬ್ ನೋಡಿ

ನಮಸ್ಕಾರ. ನಿಮ್ಮದು ದೋಣಿಯ ಹಿಂದೆ ಹೊರಗಡೆ ಕೂರಿಸುವ, 9.9 ಹೆಚ್‌ಪಿಯ ಹಳೆಯ ಟೂ ಸ್ಟ್ರೋಕ್ ಪೆಟ್ರೋಲ್ ಇಂಜಿನ್. ದಡದಲ್ಲಿ ಎರಡು ಸಲ ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದೆ. ಹತ್ತು ನಿಮಿಷ ಚೆನ್ನಾಗಿ ಓಡಿ, ರೇಸ್ ಕೊಟ್ಟಲ್ಲೇ ಬಳಲಿ ನಿಲ್ಲುತ್ತದೆ. ಐದು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ಎರಡು ಸಲ ಕ್ಲೀನ್ ಮಾಡಿಸಿದ್ದೀರಿ, ಮೂರನೇ ಸಲ ಮಾಡಿಸಬೇಕಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಬೇಡ. ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಬರುವ ಸಣ್ಣ ತೂತಿನ ಜೆಟ್‌ನಲ್ಲಿ ಕಸ ಕೂತಿದ್ದರೆ ಇಂಜಿನ್ ಮೊದಲ ನಿಮಿಷದಿಂದಲೇ ಸರಿಯಾಗಿ ಓಡುವುದಿಲ್ಲ, ಐದು ನಿಮಿಷದ ವಿಶ್ರಾಂತಿಯಿಂದ ಸರಿಯೂ ಆಗುವುದಿಲ್ಲ. ನಿಮ್ಮ ತೊಂದರೆ ಹೆಚ್ಚಾಗಿ ಅದಕ್ಕಿಂತ ಹಿಂದೆ, ಟ್ಯಾಂಕಿಗೂ ಇಂಜಿನ್‌ಗೂ ನಡುವೆ ಎಲ್ಲೋ ಇದೆ. ಹುಡುಕುವುದನ್ನು ಟ್ಯಾಂಕಿನ ಮುಚ್ಚಳದಿಂದ ಶುರು ಮಾಡಿ. ಪೆಟ್ರೋಲ್ ಹೋಗುವ ದಾರಿಯಲ್ಲೇ ಒಂದೊಂದಾಗಿ ನೋಡುತ್ತಾ ಹೋಗಿ. ಕಾರ್ಬ್ಯುರೇಟರ್ ಕೊನೆಗೆ ಬರಲಿ.

ಅದಕ್ಕೂ ಮೊದಲು, ಇಂಜಿನ್ ನಿಲ್ಲುವ ರೀತಿ ಗಮನಿಸಿ. ಸ್ವಿಚ್ ಆಫ್ ಮಾಡಿದ ಹಾಗೆ ಒಮ್ಮೆಲೇ ನಿಂತರೆ ಅದು ಕರೆಂಟಿನ ತೊಂದರೆ ಇರಬಹುದು. ಬಿಸಿಯಾದ ಮೇಲೆ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಕೈ ಕೊಟ್ಟು, ತಣ್ಣಗಾದ ಮೇಲೆ ಮತ್ತೆ ಕೆಲಸ ಮಾಡುವುದು ಹಳೆಯ ಇಂಜಿನ್‌ಗಳಲ್ಲಿ ಉಂಟು. ಆದರೆ ಶಬ್ದ ಏರುತ್ತಾ ಇಳಿಯುತ್ತಾ, ಒಂದೆರಡು ಸಲ ಕೆಮ್ಮಿ ನಿಂತರೆ ಅದು ಪೆಟ್ರೋಲ್ ಸಾಲದೆ ನಿಲ್ಲುವುದು. ನೀವು ಬರೆದದ್ದು ಎರಡನೆಯದರ ಹಾಗೆ ಕಾಣುತ್ತದೆ.

ಇದು ಪೆಟ್ರೋಲಿನದ್ದೇ ಆಗಿದ್ದರೆ ದಯವಿಟ್ಟು ಹಾಗೇ ಓಡಿಸಬೇಡಿ. ನಿಮ್ಮ ಇಂಜಿನ್‌ನಲ್ಲಿ ಆಯಿಲ್ ಬರುವುದು ಪೆಟ್ರೋಲಿನ ಜೊತೆಯಲ್ಲೇ ಅಲ್ವಾ? ಪೆಟ್ರೋಲ್ ಕಡಿಮೆಯಾದರೆ ಆಯಿಲ್ ಕೂಡ ಕಡಿಮೆ. ಫುಲ್ ರೇಸ್‌ನಲ್ಲಿ ಹೀಗಾದರೆ ಪಿಸ್ಟನ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ. ಒಂದು ಪೈಪಿನಲ್ಲಿ ಮುಗಿಯುವ ಕೆಲಸ ಸಿಲಿಂಡರ್ ಬೋರ್ ಮಾಡಿಸುವವರೆಗೆ ಹೋಗುತ್ತದೆ.

ಈಗ ಬಲ್ಬ್. ಪೈಪಿನ ನಡುವೆ ಇರುವ ಆ ಕಪ್ಪು ರಬ್ಬರ್ ಉಂಡೆ ಸ್ಟಾರ್ಟ್ ಮಾಡುವಾಗ ಹಿಸುಕಲಿಕ್ಕೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ನನಗೆ ಅದು ಇಂಜಿನ್ನಿನ ನಾಡಿ. ದೋಣಿಯನ್ನು ಗಟ್ಟಿ ಹಗ್ಗದಿಂದ ದಕ್ಕೆಗೆ ಕಟ್ಟಿ, ಗೇರ್ ಹಾಕಿ ಓಡಿಸಿ. ಡ್ರಮ್ಮಿನ ನೀರಿನಲ್ಲಿ ರೇಸ್ ಕೊಡದೆ ಸುಮ್ನೆ ಐಡಲ್‌ನಲ್ಲಿಟ್ಟರೆ ಈ ತೊಂದರೆ ಕಾಣಿಸಿಕೊಳ್ಳುವುದಿಲ್ಲ. ಅದಕ್ಕೆ ಭಾರ ಬೀಳಬೇಕು. ಇಂಜಿನ್ ಬಳಲಲು ಶುರುವಾದ ಕೂಡಲೇ ಬಲ್ಬ್ ಮುಟ್ಟಿ ನೋಡಿ.

ಬಲ್ಬ್ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಪೆಟ್ರೋಲ್ ಹಿಂದಿನಿಂದ ಬರುತ್ತಿಲ್ಲ. ತೊಂದರೆ ಇರುವುದು ಟ್ಯಾಂಕಿನಲ್ಲಿ ಅಥವಾ ಟ್ಯಾಂಕಿನಿಂದ ಬಲ್ಬಿನವರೆಗಿನ ಪೈಪಿನಲ್ಲಿ. ಬಲ್ಬ್ ಉಂಡೆಯಾಗಿಯೇ ಇದ್ದು ಮೆತ್ತಗಿದ್ದು, ನೀವು ಹಿಸುಕಿದ ಕೂಡಲೇ ಇಂಜಿನ್ ಚೇತರಿಸಿಕೊಂಡರೆ, ಪೈಪಿನೊಳಗೆ ಗಾಳಿ ಸೇರುತ್ತಿದೆ, ಬಲ್ಬಿನಿಂದ ಮುಂದಿನ ಪೈಪ್ ಒಳಗೇ ಮುಚ್ಚಿಕೊಳ್ಳುತ್ತಿದೆ, ಅಥವಾ ಇಂಜಿನ್ ಮೇಲಿನ ಪೆಟ್ರೋಲ್ ಪಂಪ್ ಸೋತಿದೆ. ಬಲ್ಬ್ ಕಲ್ಲಿನ ಹಾಗೆ ಗಟ್ಟಿ ಇದ್ದೂ ಇಂಜಿನ್ ನಿಂತರೆ ಮಾತ್ರ ಫಿಲ್ಟರ್, ಕಾರ್ಬ್ಯುರೇಟರ್ ಕಡೆ ಅನುಮಾನ ಪಡಿ. ಎಷ್ಟು ಹಿಸುಕಿದರೂ ಗಟ್ಟಿಯೇ ಆಗದಿದ್ದರೆ, ಬಾಣದ ಗುರುತು ಇಂಜಿನ್ ಕಡೆಗೆ ಇದೆಯಾ ನೋಡಿ. ಬಾಣ ಮೇಲೆ ಬರುವಂತೆ ಬಲ್ಬನ್ನು ನೆಟ್ಟಗೆ ಹಿಡಿದು ಇನ್ನೊಮ್ಮೆ ಹಿಸುಕಿ. ಆಗಲೂ ಆಗದಿದ್ದರೆ ಒಳಗಿನ ವಾಲ್ವ್ ಹೋಗಿರಬಹುದು, ಇಲ್ಲವೇ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಹೊರಗೆ ಸುರಿಯುತ್ತಿರಬಹುದು.

ನೀವು ಹೇಳಿದ "ಐದು ನಿಮಿಷ ಬಿಟ್ಟರೆ ಸರಿ" ಅನ್ನುವ ಮಾತು ನನ್ನನ್ನು ಮೊದಲು ಟ್ಯಾಂಕಿನ ಮುಚ್ಚಳಕ್ಕೆ ಕರೆದುಕೊಂಡು ಹೋಗುತ್ತದೆ. ಮುಚ್ಚಳದ ಮೇಲೆ ಗಾಳಿ ಹೋಗುವ ಸಣ್ಣ ತಿರುಪು ಇರುತ್ತದೆ. ಅದು ಮುಚ್ಚಿದ್ದರೆ ಪೆಟ್ರೋಲ್ ಖಾಲಿಯಾದಷ್ಟು ಜಾಗಕ್ಕೆ ಗಾಳಿ ಬರುವುದಿಲ್ಲ. ಒಳಗೆ ಎಳೆತ ಜಾಸ್ತಿಯಾಗುತ್ತಾ ಹೋಗಿ ಒಂದು ಹೊತ್ತಿಗೆ ಪಂಪಿಗೆ ಎಳೆಯಲಾಗುವುದಿಲ್ಲ. ನಿಂತ ಮೇಲೆ ಎಲ್ಲಿಂದಲೋ ನಿಧಾನಕ್ಕೆ ಗಾಳಿ ಸೇರಿ ಮತ್ತೆ ಸರಿಯಾಗುತ್ತದೆ. ತಿರುಪು ತೆರೆದೇ ಇಟ್ಟಿದ್ದೇನೆ ಅಂತ ನೀವು ಬರೆದಿದ್ದೀರಿ. ಆದರೂ ತೂತು ತೆರೆದಿದೆಯಾ ನೋಡಿ. ಶೆಡ್ಡಿನಲ್ಲಿಟ್ಟ ನನ್ನದೊಂದು ಟ್ಯಾಂಕಿನ ತೂತಿನೊಳಗೆ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಹೊರಗಿನಿಂದ ತಿರುಪು ಆರಾಮಾಗಿ ತಿರುಗುತ್ತಿತ್ತು, ಒಳಗೆ ಗಾಳಿಯೇ ಇಲ್ಲ. ಉಪ್ಪು ಕಟ್ಟಿಕೊಂಡರೂ ಇದೇ ಕಥೆ. ಪರೀಕ್ಷೆ ಬಹಳ ಸುಲಭ: ಇಂಜಿನ್ ಬಳಲಿದ ಕೂಡಲೇ ಮುಚ್ಚಳವನ್ನೇ ಸಡಿಲ ಮಾಡಿ. ಉಸ್ ಅಂತ ಗಾಳಿ ಒಳಗೆ ಹೋಗಿ ಇಂಜಿನ್ ಸುಧಾರಿಸಿದರೆ ಕಳ್ಳ ಸಿಕ್ಕ ಹಾಗೆ.

ಅಲ್ಲಿ ಸಿಗಲಿಲ್ಲವಾ, ಪೈಪಿಗೆ ಬನ್ನಿ. ಇದರಲ್ಲಿ ನನಗೆ ಸರಿಯಾಗಿಯೇ ಪೆಟ್ಟು ಬಿದ್ದಿದೆ. ನಾನು ಗಂಗೊಳ್ಳಿ ಕಡೆಯವನು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 10 ಹೆಚ್‌ಪಿವರೆಗಿನ ಇಂಜಿನ್ ಇರುವ ನಾಡದೋಣಿಗೆ ಮಾತ್ರ ವಿನಾಯಿತಿ. ಅಂದರೆ ಕಡಲು ಅತಿ ಕೆಟ್ಟದಾಗಿರುವ ದಿನಗಳಲ್ಲೇ ನಮಗೆ ಇಂಜಿನ್ ಬೇಕು. ಅಂಥ ಒಂದು ಬೆಳಿಗ್ಗೆ ಅಳಿವೆ ಬಾಯಿಯಲ್ಲಿ ಇಂಜಿನ್ ನಿಂತಿತು. ತೆರೆ ದೋಣಿಯನ್ನು ಅಡ್ಡ ತಿರುಗಿಸಲು ನೋಡುತ್ತಿತ್ತು. ಜೊತೆಗಿದ್ದ ನನ್ನ ತಮ್ಮ ಬಲ್ಬ್ ಹಿಸುಕುತ್ತಾ ಕೂತ, ನಾನು ಇಂಜಿನ್ ಹಿಡಿದೆ. ಅವನ ಕೈ ನಿಂತರೆ ಇಂಜಿನ್ ನಿಲ್ಲುತ್ತಿತ್ತು. ದಡ ಸೇರುವಾಗ ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅದಕ್ಕೂ ಮೊದಲು ಒಂದು ರಿಪೇರಿ ಅಂಗಡಿಯಲ್ಲಿ ಇದೇ ತೊಂದರೆಗೆ ಮೂರು ಸಲ ಕಾರ್ಬ್ಯುರೇಟರ್ ಬಿಚ್ಚಿ ದುಡ್ಡು ತೆಗೆದುಕೊಂಡಿದ್ದರು. ಯಾರೂ ಪೈಪ್ ನೋಡಿರಲಿಲ್ಲ.

ಮನೆಗೆ ಬಂದು ಪೈಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಹೊರಗೆ ಒಂದು ಬಿರುಕೂ ಇಲ್ಲ. ಒಳಗಿನ ಪದರ ಮಾತ್ರ ಹಾವು ಪೊರೆ ಬಿಟ್ಟ ಹಾಗೆ ಕಿತ್ತು ಬಂದಿತ್ತು. ನಿಧಾನಕ್ಕೆ ಹೋಗುವಾಗ ಅದು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿತ್ತು. ರೇಸ್ ಕೊಟ್ಟು ಎಳೆತ ಜಾಸ್ತಿಯಾದಾಗ ಮಡಚಿ ಬಂದು ದಾರಿ ಮುಚ್ಚುತ್ತಿತ್ತು. ಕೈಯಿಂದ ಹಿಸುಕಿದ ಒತ್ತಡಕ್ಕೆ ಅಷ್ಟಿಷ್ಟು ತೆರೆಯುತ್ತಿತ್ತು. ಅಂಥದ್ದು ಊದಿ ನೋಡಿದರೆ ಗೊತ್ತಾಗುವುದಿಲ್ಲ. ಹಳೆಯ ಪೈಪುಗಳು ಎಥೆನಾಲ್ ಬೆರೆತ ಪೆಟ್ರೋಲಿಗೆ ಅಂತ ಮಾಡಿದವಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಅದಕ್ಕೆ ಉಬ್ಬುತ್ತದೆ, ಒಳಗಿನಿಂದ ಸುಲಿಯುತ್ತದೆ. ಹತ್ತು ವರ್ಷ ಹಳೆಯ ಪೈಪ್ ಇದ್ದರೆ ಪರೀಕ್ಷೆಯೇ ಬೇಡ, ಎಥೆನಾಲ್ ತಡೆಯುವ ಪೈಪ್ ಕೇಳಿ ಬದಲಿಸಿ.

ದುಡ್ಡು ಖರ್ಚು ಮಾಡುವ ಮೊದಲು ಪಕ್ಕದ ದೋಣಿಯವರ ಟ್ಯಾಂಕ್, ಪೈಪ್, ಬಲ್ಬ್ ಪೂರ್ತಿ ಸೆಟ್ ಅರ್ಧ ಗಂಟೆಗೆ ಕೇಳಿ ತನ್ನಿ. ಕನೆಕ್ಟರ್ ಹೊಂದಬೇಕು, ಆಯಿಲ್ ಬೆರೆಸಿದ ಪೆಟ್ರೋಲ್ ಇರಬೇಕು, ಅಷ್ಟೇ. ಅದರಲ್ಲಿ ನಿಮ್ಮ ಇಂಜಿನ್ ಸರಾಗ ಓಡಿದರೆ ಇಂಜಿನ್ ಮೇಲಿನ ಎಲ್ಲ ಅನುಮಾನ ಬಿಡಬಹುದು. ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಗಾಳಿ ಸೇರುವ ಅನುಮಾನ ಇದ್ದರೆ ಬಲ್ಬಿಗೂ ಇಂಜಿನ್‌ಗೂ ನಡುವೆ ಒಂದು ಗೇಣು ಪಾರದರ್ಶಕ ಪೆಟ್ರೋಲ್ ಪೈಪ್ ತಾತ್ಕಾಲಿಕವಾಗಿ ಹಾಕಿ. ಓಡುವಾಗ ಗುಳ್ಳೆ ಸಾಲಾಗಿ ಹೋಗುವುದು ಕಣ್ಣಿಗೇ ಕಾಣುತ್ತದೆ. ಹೆಚ್ಚಾಗಿ ಇಂಜಿನ್‌ಗೆ ಸಿಕ್ಕಿಸುವ ಕನೆಕ್ಟರಿನ ಓ ರಿಂಗ್, ಅಂದರೆ ಒಳಗಿನ ರಬ್ಬರ್ ಬಳೆ, ಒಣಗಿರುತ್ತದೆ, ಅಥವಾ ಟ್ಯಾಂಕಿನೊಳಗೆ ಇಳಿದಿರುವ ಕೊಳವೆಯಲ್ಲಿ ಕೂದಲಿನಷ್ಟು ಬಿರುಕು ಇರುತ್ತದೆ. ಈ ಬಿರುಕು ಟ್ಯಾಂಕ್ ತುಂಬಿದಾಗ ಏನೂ ಮಾಡುವುದಿಲ್ಲ, ಅರ್ಧವಾದ ಮೇಲೆ ಗಾಳಿ ಎಳೆಯುತ್ತದೆ. ಟ್ಯಾಂಕ್ ಎಷ್ಟು ತುಂಬಿದ್ದಾಗ ನಿಲ್ಲುತ್ತದೆ ಅಂತ ಒಮ್ಮೆ ಬರೆದಿಟ್ಟುಕೊಳ್ಳಿ.

ಪೆಟ್ರೋಲನ್ನೂ ನೋಡಬೇಕು. ಟ್ಯಾಂಕಿನ ತಳದಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಯಲ್ಲಿ ಒಂದು ಗಂಟೆ ಅಲ್ಲಾಡಿಸದೆ ಇಡಿ. ಎರಡು ಪದರ ಕಂಡರೆ ಕೆಳಗಿನದು ನೀರು, ಅಥವಾ ನೀರು ಕುಡಿದ ಎಥೆನಾಲ್. ನಮ್ಮ ತೇವದ ಹವೆಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ತಿಂಗಳುಗಟ್ಟಲೆ ಇಟ್ಟರೆ ಹೀಗಾಗುತ್ತದೆ. ಅದಕ್ಕೆ ಹೊಸದು ಬೆರೆಸಿ ಸರಿ ಮಾಡಲು ಹೋಗಬೇಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಯಿರಿ. ಆಯಿಲ್ ಅಳತೆ ನಿಮ್ಮ ಇಂಜಿನ್ನಿನ ಪುಸ್ತಕದಲ್ಲಿ ಇದ್ದಂತೆಯೇ ಹಾಕಿ. ತುಂಬಾ ಇಂಜಿನ್‌ಗಳಿಗೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿ. ಬೈಕಿನ ಆಯಿಲ್ ಬೇಡ, ಟಿಸಿ-ಡಬ್ಲ್ಯೂ3 ಅಂತ ಬರೆದಿರುವ ಔಟ್‌ಬೋರ್ಡ್ ಆಯಿಲ್ ತನ್ನಿ.

ಇಷ್ಟಾದರೂ ಹೋಗದಿದ್ದರೆ ಪಂಪ್. ಅದರೊಳಗೆ ಡಯಾಫ್ರಮ್ ಅನ್ನುವ ತೆಳುವಾದ ಪೊರೆ ಇದೆ, ಪಿಸ್ಟನ್ ಹಿಂದಿನ ಕೋಣೆಯ, ಅಂದರೆ ಕ್ರ್ಯಾಂಕ್‌ಕೇಸಿನ, ಒತ್ತಡ ಏರಿಳಿಯುವುದರಿಂದ ಅದು ಮಿಡಿಯುತ್ತದೆ. ಬಿಚ್ಚಿ ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತಿದ್ದರೂ ಕಾಣುತ್ತದೆ. ಹಿಗ್ಗಿ ಜೋಲು ಬಿದ್ದಿದ್ದರೂ ಬದಲಿಸಿ.

ಕೊನೆಗೆ ಕಾರ್ಬ್ಯುರೇಟರ್. ಬಿಚ್ಚುವ ಮೊದಲು ಕೆಳಗಿನ ತಿರುಪು ತೆಗೆದು ಒಳಗಿನ ಪೆಟ್ರೋಲನ್ನು ಬಿಳಿ ಬಟ್ಟಲಿಗೆ ಬಿಡಿ. ಕಪ್ಪು ರಬ್ಬರ್ ಚೂರು ಕಂಡರೆ ಅದು ಹೆಚ್ಚಾಗಿ ಪೈಪಿನದೇ. ಜೆಟ್ ತೂತಿಗೆ ತಂತಿ ಹಾಕಬೇಡಿ, ಹಿತ್ತಾಳೆ ಗೀರಿ ತೂತು ದೊಡ್ಡದಾಗುತ್ತದೆ. ಸಪೂರ ನೈಲಾನ್ ದಾರ ಸಾಕು. ಐಡಲ್ ತಿರುಪು ಬಿಚ್ಚುವ ಮೊದಲು ಎಷ್ಟು ಸುತ್ತು ತಿರುಗಿಸಿದರೆ ತಳಕ್ಕೆ ಕೂರುತ್ತದೆ ಅಂತ ಎಣಿಸಿಕೊಳ್ಳಿ. ಇದೆಲ್ಲ ಬಯಲಿನಲ್ಲಿ ಮಾಡಿ, ಹತ್ತಿರ ಬೀಡಿ, ಬೆಂಕಿ ಇರಬಾರದು.

ಸೀಮೆಎಣ್ಣೆ ಇಂಜಿನ್ ಇಟ್ಟುಕೊಂಡವರೂ ಇದನ್ನು ಓದುತ್ತಿರಬಹುದು. ಅವರಿಗೆ ಒಂದು ಮಾತು: ದಡಕ್ಕೆ ಬರುವ ಮೊದಲು ಕೆಲವು ನಿಮಿಷ ಪೆಟ್ರೋಲಿಗೆ ತಿರುಗಿಸಿ ಓಡಿಸಿ ನಿಲ್ಲಿಸಿ. ಸೀಮೆಎಣ್ಣೆ ಕಾರ್ಬ್ಯುರೇಟರಿನಲ್ಲೇ ಉಳಿದರೆ ಮರುದಿನ ತಣ್ಣಗಿನ ಇಂಜಿನ್ ಹಿಡಿಯುವುದಿಲ್ಲ, ಪ್ಲಗ್ ಒದ್ದೆಯಾಗುತ್ತದೆ. ಅಲ್ಲಿ ಏನೂ ಕೆಟ್ಟಿರುವುದಿಲ್ಲ.

ನೀವು ಮೊದಲು ಮುಚ್ಚಳ ಸಡಿಲ ಮಾಡುವ ಪರೀಕ್ಷೆ ಮಾಡಿ, ಆಮೇಲೆ ಬೇರೆಯವರ ಟ್ಯಾಂಕ್ ಹಾಕಿ ನೋಡಿ. ಎರಡೂ ಸೇರಿ ಒಂದು ಬೆಳಗಿನ ಕೆಲಸ. ಇಂಜಿನ್ ನಿಂತಾಗ ಬಲ್ಬ್ ಚಪ್ಪಟೆ ಇತ್ತಾ, ಮೆತ್ತಗಿತ್ತಾ, ಗಟ್ಟಿ ಇತ್ತಾ ಅಂತ ಇಲ್ಲೇ ಕೆಳಗೆ ಬರೆಯಿರಿ. ಅದು ಗೊತ್ತಾದರೆ ಮುಂದೆ ಯಾವುದನ್ನು ಬಿಚ್ಚಬೇಕು ಅಂತ ಹೇಳುತ್ತೇನೆ.