ಜೂಲಿಯೆಟ್ ಬದುಕಿದರೆ ನಮ್ಮ ಗಂಟೇನು ಹೋಯಿತು ಮಾಸ್ತರೇ?

ಪತ್ರ: ಮಾನ್ಯ ಸಂಪಾದಕರೇ, ನಿಮ್ಮ ಹರೆಯದವರ ಪುಟದಲ್ಲಿ ಆರು ತಿಂಗಳು ಬಂದ ರೋಮಿಯೋ-ಜೂಲಿಯೆಟ್ ಧಾರಾವಾಹಿ ಓದಿ ಬೇಸರವಾಯಿತು. ಶೇಕ್ಸ್‌ಪಿಯರ್ ಬರೆದದ್ದು ರುದ್ರನಾಟಕ. ನಿಮ್ಮ ಲೇಖಕಿ ಅದಕ್ಕೆ ಪಾತಾಳ, ಮಂತ್ರ, ಮಾತಾಡುವ ಗೂಬೆ ಎಲ್ಲ ಸೇರಿಸಿ ಕೊನೆಗೆ ಜೂಲಿಯೆಟ್ಟಳನ್ನು ಬದುಕಿಸಿಬಿಟ್ಟಿದ್ದಾರೆ. 31 ವರ್ಷ ಈ ನಾಟಕದ ಪಾಠ ಮಾಡಿದವನು ನಾನು. ಮಕ್ಕಳು ಇದನ್ನೇ ಮೂಲ ಅಂದುಕೊಂಡರೆ ಯಾರು ಹೊಣೆ? ಇಂಥದ್ದು ಇನ್ನು ಬೇಡ.
ನಿವೃತ್ತ ಇಂಗ್ಲಿಷ್ ಶಿಕ್ಷಕರು, ಜಮಖಂಡಿ (ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ಮಾಸ್ತರೇ, ಪತ್ರದ ಜೊತೆ ನೀವು ಕಳಿಸಿದ ದಪ್ಪ ಲಕೋಟೆಯೂ ವಿಜಯಪುರಕ್ಕೆ ಬಂದು ಮುಟ್ಟಿತು. ಒಳಗೆ ನಮ್ಮದೇ ಪತ್ರಿಕೆಯಿಂದ ಕತ್ತರಿಸಿದ ಆರೂ ಕಂತುಗಳು. ಎಲ್ಲದರ ಮೇಲೂ ಕೆಂಪು ಶಾಯಿ. 'ಮೂಲದಲ್ಲಿ ಇಲ್ಲ', 'ಮೂಲದಲ್ಲಿ ಇಲ್ಲ', 'ಇದೂ ಇಲ್ಲ'. ಕೊನೇ ಪುಟದ ಕೆಳಗೆ ದುಂಡಗೆ ಸುತ್ತಿ, 100ಕ್ಕೆ 28. ಕಚೇರಿಯಲ್ಲಿ ಎಲ್ಲರೂ ನೋಡಿ ನಕ್ಕೆವು. ಆಮೇಲೆ ನಮ್ಮ ಡಿಟಿಪಿ ಹುಡುಗ ಅಂದ, "ಸರ್, ಒಂದು ಕಂತೂ ಬಿಡದಂಗ ಓದ್ಯಾರ ನೋಡ್ರಿ." ಆ ಪ್ರೀತಿಗೇ ಈ ಉತ್ತರ ಉದ್ದವಾಗುತ್ತಿದೆ.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಆ ಗೂಬೆ ಜಾಸ್ತಿ ಮಾತಾಡುತ್ತದೆ. ಎರಡನೇ ಕಂತು ಪೂರ್ತಿ ಪಾತಾಳದ ಕಾಯ್ದೆ ಕಾನೂನು ಹೇಳುವುದರಲ್ಲೇ ಮುಗಿಯಿತು, ಅದಕ್ಕೆ ಕತ್ತರಿ ಹಾಕಬೇಕಿದ್ದವನು ನಾನು, ಹಾಕಲಿಲ್ಲ. ಆ ತಪ್ಪು ನನ್ನದು. ಆಯ್ತಾ?

ಧಾರಾವಾಹಿ ಓದದವರಿಗೆ ಎರಡು ಮಾತು. ನಾಟಕದಲ್ಲಿ ಜೂಲಿಯೆಟ್ ಪಾದ್ರಿ ಕೊಟ್ಟ ಔಷಧಿ ಕುಡಿದು 42 ಗಂಟೆ ಸತ್ತವಳ ಹಾಗೆ ಮಲಗುತ್ತಾಳೆ. ಆ ಗುಟ್ಟು ತಿಳಿಸುವ ಕಾಗದ ರೋಮಿಯೋಗೆ ಮುಟ್ಟುವುದಿಲ್ಲ, ಯಾಕೆಂದರೆ ಅದನ್ನು ಒಯ್ಯಬೇಕಿದ್ದವನನ್ನು ಪ್ಲೇಗಿನ ಭಯಕ್ಕೆ ಒಂದು ಮನೆಯೊಳಗೆ ಹಾಕಿ ಬಾಗಿಲು ಮುಚ್ಚಿರುತ್ತಾರೆ. ರೋಮಿಯೋ ಬಂದು ನೋಡಿ, ಸತ್ತಳೆಂದು ನಂಬಿ ವಿಷ ಕುಡಿಯುತ್ತಾನೆ. ಇವಳು ಎದ್ದು ಅವನನ್ನು ನೋಡಿ ಚೂರಿ ಹಾಕಿಕೊಳ್ಳುತ್ತಾಳೆ. ನಮ್ಮ ಲೇಖಕಿ ಕೇಳಿದ್ದು ಒಂದೇ ಪ್ರಶ್ನೆ: ಆ 42 ಗಂಟೆ ಜೂಲಿಯೆಟ್ ಎಲ್ಲಿದ್ದಳು? ಅವಳನ್ನು ಸತ್ತವರ ಊರಿಗೆ ಕರೆದೊಯ್ದರು. ಅಲ್ಲಿ ರೋಮಿಯೋನ ಗೆಳೆಯ ಮರ್ಕ್ಯೂಶಿಯೋ, ಅವನನ್ನು ಕೊಂದ ಜೂಲಿಯೆಟ್ಟಳ ಸೋದರಸಂಬಂಧಿ ಟಿಬಾಲ್ಟ್ ಇಬ್ಬರೂ ಒಂದೇ ಕಟ್ಟೆ ಮೇಲೆ ಕೂತಿದ್ದಾರೆ, ರೋಮಿಯೋ-ಜೂಲಿಯೆಟ್ ಮನೆತನಗಳ ಜಗಳ ಯಾತಕ್ಕೆ ಶುರುವಾಯಿತೆಂದು ಇಬ್ಬರಿಗೂ ನೆನಪಾಗುತ್ತಿಲ್ಲ. ತಿರುಗಿ ಬಂದ ಜೂಲಿಯೆಟ್ ಎದುರು ರೋಮಿಯೋ ಸತ್ತು ಬಿದ್ದಿದ್ದಾನೆ, ಅದು ಬದಲಾಗಿಲ್ಲ. ಅವಳು ಮಾತ್ರ ಚೂರಿ ಮುಟ್ಟದೆ ಎದ್ದು ಗೋರಿಯಿಂದ ಹೊರಗೆ ನಡೆಯುತ್ತಾಳೆ. ನಿಮಗೆ ಸಿಟ್ಟು ತರಿಸಿದ್ದು ಇದು. ನನಗಂತೂ ಮೂಲಕ್ಕಿಂತ ಇಲ್ಲಿ ಗೋಳು ಜಾಸ್ತಿ ಅನಿಸಿತು. ಸಾಯುವವಳ ಕಷ್ಟ ಒಂದು ಕ್ಷಣದ್ದು, ಇವಳು ಇನ್ನೂ ಐವತ್ತು ವರ್ಷ ಬದುಕಬೇಕಲ್ಲ.

ಈಗ ನಿಮ್ಮ 'ಮೂಲ'ಕ್ಕೆ ಬರೋಣ. ಯಾವ ಮೂಲ ಮಾಸ್ತರೇ? ಶೇಕ್ಸ್‌ಪಿಯರ್ ಈ ಕಥೆ ಎತ್ತಿಕೊಂಡದ್ದು ಆರ್ಥರ್ ಬ್ರೂಕ್ ಎಂಬವನು 1562ರಲ್ಲಿ ಇಂಗ್ಲಿಷಿನಲ್ಲಿ ಬರೆದ ಉದ್ದನೆಯ ಪದ್ಯದಿಂದ. ಬ್ರೂಕ್‌ಗೆ ಅದು ಸಿಕ್ಕಿದ್ದು ಫ್ರೆಂಚಿನಿಂದ, ಫ್ರೆಂಚಿಗೆ ಹೋಗಿದ್ದು ಇಟಲಿಯ ಬಾಂಡೆಲ್ಲೋನ ಕಥೆಯಿಂದ, ಅವನಿಗಿಂತ ಮುಂಚೆ ಲುಯಿಗಿ ದ ಪೋರ್ಟೋ ಹೇಳಿದ್ದ. ಬ್ರೂಕ್‌ನ ಪದ್ಯದಲ್ಲಿ ತಿಂಗಳುಗಟ್ಟಲೆ ನಡೆಯುವ ಕಥೆಯನ್ನು ಶೇಕ್ಸ್‌ಪಿಯರ್ ಭಾನುವಾರದಿಂದ ಗುರುವಾರದೊಳಗೆ ಮುಗಿಸಿದ. ಅವನಲ್ಲಿ 16 ವರ್ಷದವಳಾಗಿದ್ದ ಹುಡುಗಿಗೆ ಇವನಲ್ಲಿ ಇನ್ನೂ 14 ತುಂಬಿಲ್ಲ. ಇನ್ನೊಂದು ಮಜಾ ಕೇಳಿ: ಬ್ರೂಕ್ ತನ್ನ ಮುನ್ನುಡಿಯಲ್ಲಿ, ತಂದೆ ತಾಯಿ ಮಾತು ಕೇಳದೆ ಕೆಟ್ಟುಹೋದ ಜೋಡಿ ಇದು ಎಂದು ಚೆನ್ನಾಗಿ ಬೈದಿದ್ದಾನೆ. ಆ ಬೈಗುಳವನ್ನು ಶೇಕ್ಸ್‌ಪಿಯರ್ ಸುಮ್ನೆ ಕೈಬಿಟ್ಟ. ಬ್ರೂಕ್ 1563ರಲ್ಲೇ ಹಡಗು ಮುಳುಗಿ ಸತ್ತ, ಪಾಪ. ಬದುಕಿದ್ದು, ಅವನ ಕೈಗೆ ನಿಮ್ಮ ಕೆಂಪು ಪೆನ್ನು ಸಿಕ್ಕಿದ್ದರೆ ಶೇಕ್ಸ್‌ಪಿಯರ್ ಪಾಸಾಗುತ್ತಿದ್ದನೇ?

ಆಮೇಲಾದರೂ ಯಾರು ಸುಮ್ಮನಿದ್ದರು? 1748ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಗ್ಯಾರಿಕ್ ಇದೇ ನಾಟಕ ಆಡಿಸುವಾಗ, ರೋಮಿಯೋ ಇನ್ನೂ ಉಸಿರಾಡುತ್ತಿರುವಾಗಲೇ ಜೂಲಿಯೆಟ್ಟಳನ್ನು ಎಬ್ಬಿಸಿ ಇಬ್ಬರಿಗೂ ಮಾತು ಬರೆದುಕೊಟ್ಟ. ಜನ ಅತ್ತು ಅತ್ತು ನೋಡಿದರು. ನಮ್ಮ ಕನ್ನಡದಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಇದೇ ಕಥೆ 'ರಾಮವರ್ಮ ಲೀಲಾವತಿ' ಆಗಿ ಬಂತು, ಅದರಲ್ಲಿ ದೇವರೇ ಬಂದು ಸತ್ತ ಪ್ರೇಮಿಗಳನ್ನು ಎಬ್ಬಿಸುತ್ತಾನೆ. ನಮ್ಮ ಲೇಖಕಿ ಒಬ್ಬಳನ್ನು ಬದುಕಿಸಿದ್ದಕ್ಕೆ ಇಷ್ಟು ಸಿಟ್ಟು, ಅದನ್ನು ಓದಿದ್ದರೆ ನೀವು ಎಷ್ಟು ಅಂಕ ಕೊಡುತ್ತಿದ್ದಿರೋ. ಬಿಎಂಶ್ರೀಯವರು ಇದರ ಉಲ್ಟಾ ಮಾಡಿದರು. ಗ್ರೀಕ್ ದುರಂತ ನಾಟಕದ ಅಚ್ಚಿನಲ್ಲಿ 1929ರ 'ಅಶ್ವತ್ಥಾಮನ್' ಬರೆದು, ಚಿರಂಜೀವಿಯನ್ನೇ ಸಾಯಿಸಿಬಿಟ್ಟರು!

ದೂರ ಯಾಕೆ ಹೋಗಬೇಕು, ನಿಮ್ಮ ಪಕ್ಕದ ಮುಧೋಳದವನೇ ಇದ್ದಾನಲ್ಲ, ಬಳೆಗಾರರ ಮನೆಯ ರನ್ನ. ಪಂಪ ಭಾರತವನ್ನು ಕನ್ನಡಕ್ಕೆ ತಂದಾಗ ದ್ರೌಪದಿಯ ಐದು ಗಂಡಂದಿರಲ್ಲಿ ನಾಲ್ವರನ್ನು ಕಡಿಮೆ ಮಾಡಿ, ಅರ್ಜುನನೊಬ್ಬನಿಗೇ ಕೊಟ್ಟ. ರನ್ನ ಆ ಪಂಪನ ಒಂದು ಆಶ್ವಾಸ, ಅಂದರೆ ಒಂದು ಅಧ್ಯಾಯ, ಹಿಡಿದು ಗದಾಯುದ್ಧ ಬರೆದ. ಭೀಮನೇ ನಾಯಕ ಅಂದ, ಆದರೆ ಓದುವಾಗ ನಮ್ಮ ಕಣ್ಣಲ್ಲಿ ನೀರು ಬರುವುದು ಯಾರಿಗಾಗಿ? ದುರ್ಯೋಧನನಿಗಾಗಿ. ಇದೂ ಮೂಲದಲ್ಲಿ ಇಲ್ಲ ಮಾಸ್ತರೇ. ಮುಧೋಳದ ಮೇಲೆ ಹಾಯುವಾಗ ರನ್ನನಿಗೂ ಒಂದಿಷ್ಟು ಕೆಂಪು ಶಾಯಿ ಚೆಲ್ಲಿ ಬರುತ್ತೀರೇನು?

ಪಾತಾಳ ಗೀತಾಳ ನಮ್ಮದಲ್ಲ, ಇಂಗ್ಲಿಷ್ ಪುಸ್ತಕದ ಗಾಳಿ ಅಂತಲೂ ಅಂಚಿನಲ್ಲಿ ಗೀಚಿದ್ದೀರಿ. ಸಾವಿತ್ರಿ ಯಮನ ಬೆನ್ನು ಹತ್ತಿ ನಡೆದಾಗ ಯಾವ ಇಂಗ್ಲಿಷ್ ಪುಸ್ತಕ ಓದಿದ್ದಳು? ನಚಿಕೇತ ಯಮನ ಮನೆ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕೂತಾಗ ಅವನಿಗೆ ಎಷ್ಟು ವಯಸ್ಸು? ಹರೆಯದವರು ಸಾವಿನ ಊರಿಗೆ ಹೋಗಿ ಪ್ರಶ್ನೆ ಕೇಳಿ ಬರುವುದು ನಮ್ಮ ಅಜ್ಜಿಯಂದಿರಿಗೆ ಹೊಸದಲ್ಲ.

ನಮ್ಮ ಗೋಳಗುಮ್ಮಟಕ್ಕೆ ಒಂದು ದಿನ ಬನ್ನಿ. ಒಳಗೆ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಇದೆ, ಅದೇ ಕಟ್ಟೆ ಮೇಲೆ ಅವನ ನರ್ತಕಿ ರಂಭೆಯದೂ ಇದೆ. ಸುಲ್ತಾನ ಚೇಷ್ಟೆಗೆ 'ನನ್ನ ಮೇಲೆ ಪ್ರೀತಿ ಇದ್ದರೆ ತೋರಿಸು' ಅಂದ, ಅವಳು ಮೇಲಿನಿಂದ ಜಿಗಿದಳು ಅಂತ ಒಬ್ಬ ಗೈಡ್ ಹೇಳುತ್ತಾನೆ, ಇನ್ನೊಬ್ಬ ಬೇರೆ ಥರ ಹೇಳುತ್ತಾನೆ, ಇದು ಚರಿತ್ರೆಯೋ ದಂತಕಥೆಯೋ ಎಂದು ಯಾರೂ ಕೇಳುವುದಿಲ್ಲ. ಹೋದ ಚಳಿಗಾಲದಲ್ಲಿ ಶಾಲೆಯ ಪ್ರವಾಸದ ಮಕ್ಕಳು ಬಂದಿದ್ದರು, ಆರನೆಯದೋ ಏಳನೆಯದೋ ಇರಬೇಕು. ಗೈಡ್ ದನಿ ನಡುಗಿಸಿ ಕಥೆ ಮುಗಿಸಿದ. ಎರಡು ಜಡೆಯ ಒಬ್ಬ ಹುಡುಗಿ ಕೈ ಎತ್ತಿ ಕೇಳಿದಳು, "ಮತ್ತ ಅಂವ ಯಾಕ ಜಿಗೀಲಿಲ್ರಿ?"

"ಮುಂದ ನಡೀರಿ, ಮುಂದ ನಡೀರಿ" ಅಂದ ಗೈಡ್.

ನಾವೆಲ್ಲ ಆ ಗೈಡ್ ಥರ ಆಗಿಬಿಟ್ಟಿದ್ದೇವೆ ಅನ್ನುವುದು ನನ್ನ ತಕರಾರು. ನನಗೆ ಈ ನಾಟಕ ಸಿಕ್ಕಿದ್ದು ನಾಟಕವಾಗಿ ಅಲ್ಲ, ಪರೀಕ್ಷೆಯ ಗೈಡಿನಲ್ಲಿ, ಐದು ಅಂಕದ ಉತ್ತರವಾಗಿ. 'ಪ್ರೇಮಿಗಳ ಅವಸರವೇ ದುರಂತಕ್ಕೆ ಕಾರಣ.' ಬಾಯಿಪಾಠ ಮಾಡಿ ಬರೆದು ನಾಲ್ಕು ಅಂಕ ತಗೊಂಡೆ. ಒಂದು ಯಾಕೆ ಕಳೆದರೋ ಇವತ್ತಿಗೂ ಗೊತ್ತಿಲ್ಲ. ನಾಟಕ ಓದಿದ್ದು ಮೂವತ್ತು ದಾಟಿದ ಮೇಲೆ, ಬಾಗಲಕೋಟೆಯಿಂದ ಬರುವ ಬಸ್ಸಿನಲ್ಲಿ.

ಚಿಕ್ಕ ಮಕ್ಕಳಿಗೆ ಕನ್ನಡದಲ್ಲಿ ಮೊಲ, ಆಮೆ ಇವೆ. ದೊಡ್ಡವರಿಗೆ ಕಾದಂಬರಿ ಬೇಕಾದಷ್ಟಿವೆ. 13ರಿಂದ 18ರವರಿಗೆ ಏನಿದೆ? ಇಂಗ್ಲಿಷ್ ಬರುವವರು ಇಂಗ್ಲಿಷಿನಲ್ಲಿ ಓದಿಕೊಳ್ಳುತ್ತಾರೆ, ಉಳಿದವರು ರೀಲ್ಸ್ ನೋಡುತ್ತಾರೆ, ಆಮೇಲೆ ನಾವೇ 'ಈಗಿನ ಹುಡುಗರು ಓದುವುದಿಲ್ಲ' ಅಂತ ಭಾಷಣ ಮಾಡುತ್ತೇವೆ. ಮನೆ ಕರದ ಮೇಲೆ ಶೇಕಡಾ 6 ಗ್ರಂಥಾಲಯ ಕರ ಅಂತ ನೀವೂ ಕಟ್ಟುತ್ತೀರಿ, ನಾನೂ ಕಟ್ಟುತ್ತೇನೆ, ರಸೀದಿ ತೆಗೆದು ನೋಡಿ. ನಮ್ಮ ಕಡೆಯ ಒಂದು ಊರಿನ ಗ್ರಂಥಾಲಯಕ್ಕೆ ಹೋಗಿದ್ದೆ. ಮಕ್ಕಳ ವಿಭಾಗಕ್ಕೆ ಬೀಗ. ಕೀಲಿ ಯಾರ ಹತ್ತಿರ ಅಂದರೆ ಊಟಕ್ಕೆ ಹೋದವರ ಹತ್ತಿರ. ನಾಲ್ಕು ಗಂಟೆಗೂ ಊಟ ಮುಗಿದಿರಲಿಲ್ಲ. ಕಿಟಕಿಯಿಂದ ಇಣುಕಿದರೆ ಒಳಗೆ ಮುರಿದ ಕುರ್ಚಿ, ಬಿಚ್ಚದ ಪುಸ್ತಕದ ಗಂಟು. ಹೊರಗಿನ ಹಾಲ್ ಮಾತ್ರ ಕಿಕ್ಕಿರಿದಿತ್ತು, ಎಲ್ಲರ ಕೈಯಲ್ಲೂ ಪಿಡಿಓ, ಎಫ್‌ಡಿಎ ನೌಕರಿ ಪರೀಕ್ಷೆಯ ಪ್ರಶ್ನೋತ್ತರ. ಅವರದ್ದೇನೂ ತಪ್ಪಿಲ್ಲ, ಹೊಟ್ಟೆಪಾಡು.

ಹೊಣೆ ಯಾರು ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ ಕೊಡಲು ಒಬ್ಬ ಹುಡುಗಿ ಹೋದ ತಿಂಗಳೇ ಬಂದು ಹೋಗಿದ್ದಾಳೆ. ಒಂಬತ್ತನೆಯ ಇಯತ್ತೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಒಳಗೆ ಬಂದು ನಾಲ್ಕನೇ ಕಂತಿನ ಸಂಚಿಕೆ ಇದೆಯೇ ಎಂದು ಕೇಳಿದಳು. ನಿಮ್ಮ ಮನೆಗೆ ಬರಲಿಲ್ಲವಾ ಅಂದೆ. "ಬಂದಿತ್ರಿ. ಅವ್ವ ಅದರಾಗ ಶೇಂಗಾ ಹಿಂಡಿ ಕಟ್ಟಿ ಅಕ್ಕನ ಊರಿಗೆ ಕಳಿಸ್ಯಾಳ್ರಿ." ಹಳೆಯ ಪ್ರತಿ ಹುಡುಕಿ ಕೊಟ್ಟೆ. ನಿಂತಲ್ಲೇ ಅರ್ಧ ಓದಿ ತಲೆ ಎತ್ತಿ, "ಸರ್, ಖರೇ ಕಥಿಯೊಳಗೂ ಟಿಬಾಲ್ಟ್ ಇಷ್ಟು ಮಾತಾಡ್ತಾನೇನ್ರಿ?" ಅಂದಳು. ನಾಟಕದ ಕನ್ನಡ ಅನುವಾದ ನನ್ನ ಕಪಾಟಿನಲ್ಲಿತ್ತು, ತಗೊಂಡು ಹೋಗು ಅಂದೆ. ಎಂಟು ದಿನಕ್ಕೆ ತಂದುಕೊಟ್ಟಳು, ಪುಟಗಳ ನಡುವೆ ಗುರುತಿಗೆ ಇಟ್ಟ ಬಸ್ ಟಿಕೆಟ್ ಹಾಗೇ ಇದ್ದವು. ಮುಖದಲ್ಲಿ ಮಾತ್ರ ಸಿಟ್ಟು.

"ಅವನಿಗೆ ಮಾತೇ ಕೊಟ್ಟಿಲ್ಲಲ್ರಿ ಸರ್, ಶೇಕ್ಸ್‌ಪಿಯರ್!"

ಹೋಗಿ ಎಣಿಸಿದೆ. ನಾಟಕದ ಅರ್ಧ ರಂಪಾಟಕ್ಕೆ ಕಾರಣನಾದ ಟಿಬಾಲ್ಟ್‌ಗೆ 40 ಸಾಲೂ ಇಲ್ಲ. ನಾನು ಎಂದೂ ಗಮನಿಸಿರಲಿಲ್ಲ. ನಿಮ್ಮ 31 ವರ್ಷದಲ್ಲಿ ಎಷ್ಟು ಮಕ್ಕಳು ಇದನ್ನು ಕೇಳಿದ್ದರು, ನಿಜ ಹೇಳಿ?

ಕೇಳಿದ್ದರೆ ನೀವು ಏನು ಹೇಳಿದಿರಿ ಎಂದು ತಿಳಿಯುವ ಆಸೆ ನನಗೆ. ಕೇಳಿರದಿದ್ದರೆ ಈಗ ಉತ್ತರ ಬರೆಯಿರಿ. ಟಿಬಾಲ್ಟ್ ಬಗ್ಗೆ ಎರಡು ಪುಟ, ಆ ಹುಡುಗಿಗೆ ಅರ್ಥವಾಗುವ ಹಾಗೆ, ಬರುವ 20ನೇ ತಾರೀಖಿನೊಳಗೆ. ಅದೇ ಹರೆಯದವರ ಪುಟದಲ್ಲಿ ಹಾಕುತ್ತೇನೆ, ಗೂಬೆಯ ಜಾಗ ಖಾಲಿ ಇದೆ. ಕೈಬರಹವಾದರೂ ನಡೆಯುತ್ತದೆ. ಶಾಯಿ ಮಾತ್ರ ನೀಲಿ ಇರಲಿ.