ಟೆಕ್ಸಾಸ್‌ನ ಹಿಸ್ಪಾನಿಕ್ ಜನರು ಗಡಿ ಕೌಂಟಿಗಳಲ್ಲಿ ಮಾತ್ರ ಇದ್ದಾರೆಯೇ?

ಟೆಕ್ಸಾಸ್‌ನ ಹಿಸ್ಪಾನಿಕ್ ಮತ್ತು ಲ್ಯಾಟಿನೋ ಜನರೆಲ್ಲ (ಸ್ಪ್ಯಾನಿಷ್ ಭಾಷಿಕ ಅಥವಾ ಲ್ಯಾಟಿನ್ ಅಮೆರಿಕ ಮೂಲದವರು) ಮೆಕ್ಸಿಕೋ ಗಡಿಯ ಕೌಂಟಿಗಳಲ್ಲೇ (ಜಿಲ್ಲೆಯಂಥ ಆಡಳಿತ ವಿಭಾಗಗಳಲ್ಲೇ) ನೆಲೆಸಿದ್ದಾರೆಯೇ ಎಂದು ಕೇಳಿದ್ದೀರಿ. ಶೇಕಡಾವಾರು ಲೆಕ್ಕದಲ್ಲಿ ಗಡಿಯೇ ಮುಂದಿದೆ. ತಲೆ ಎಣಿಕೆಯಲ್ಲಿ ಮಹಾನಗರಗಳು ಮುಂದಿವೆ. ಈ ಎರಡು ಲೆಕ್ಕಗಳನ್ನು ಬೆರೆಸಿದ ನಕ್ಷೆಗಳಿಂದಲೇ ಗೊಂದಲ ಹುಟ್ಟುತ್ತದೆ ಎಂಬುದು ಹಲವು ವರ್ಷಗಳಿಂದ ಹ್ಯೂಸ್ಟನ್‌ನಲ್ಲಿರುವ ನನ್ನ ಅಭಿಪ್ರಾಯ.

2020ರ ಜನಗಣತಿಯಂತೆ ರಾಜ್ಯದ ಸುಮಾರು 2.91 ಕೋಟಿ ಜನರಲ್ಲಿ 1.14 ಕೋಟಿ, ಅಂದರೆ ಶೇ. 39ಕ್ಕಿಂತ ತುಸು ಹೆಚ್ಚು ಮಂದಿ ಹಿಸ್ಪಾನಿಕ್ ಮೂಲದವರು. ರಿಯೋ ಗ್ರಾಂಡೆ ನದಿಯ ದಂಡೆಯಲ್ಲಿರುವ ಸ್ಟಾರ್ ಕೌಂಟಿಯಲ್ಲಿ ಅವರ ಪಾಲು ಶೇ. 97ನ್ನೂ ಮೀರುತ್ತದೆ, ಲರೇಡೋ ನಗರವಿರುವ ವೆಬ್ ಕೌಂಟಿಯಲ್ಲಿ ಸುಮಾರು 95. ಆದರೆ ಸ್ಟಾರ್ ಕೌಂಟಿಯ ಒಟ್ಟು ಜನಸಂಖ್ಯೆಯೇ ಸುಮಾರು 66 ಸಾವಿರ. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ ಪಾಲು ಶೇ. 43 ಮಾತ್ರವಾದರೂ ಅಲ್ಲಿನ ಹಿಸ್ಪಾನಿಕ್ ಜನರ ಸಂಖ್ಯೆ 20 ಲಕ್ಷ ದಾಟುತ್ತದೆ. ಮೂವತ್ತು ಸ್ಟಾರ್ ಕೌಂಟಿಗಳನ್ನು ಕೂಡಿಸಿದರೆ ಆಗುವಷ್ಟು ಜನ. ಅವರೆಲ್ಲ ಮೆಕ್ಸಿಕೋ ಮೂಲದವರೂ ಅಲ್ಲ. ಇಲ್ಲಿನ ಗಲ್ಫ್‌ಟನ್ ಬಡಾವಣೆಯ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಎಲ್ ಸಾಲ್ವಡಾರ್, ಹೊಂಡುರಾಸ್ ಮತ್ತು ಗ್ವಾಟೆಮಾಲಾದಿಂದ ಬಂದ ಕುಟುಂಬಗಳು ಬಹಳ. ಅಲ್ಲಿನ ಹೋಟೆಲುಗಳಲ್ಲಿ ಸಾಲ್ವಡಾರಿನ ಪುಪುಸಾ ದಿನನಿತ್ಯದ ತಿಂಡಿ.

ಗಡಿ ಭಾಗದ ಜನರನ್ನು ಇತ್ತೀಚಿನ ವಲಸಿಗರೆಂದು ಭಾವಿಸುವುದು ದೊಡ್ಡ ತಪ್ಪು. ಲರೇಡೋ 1755ರಲ್ಲಿ ಸ್ಪೇನ್ ಆಳ್ವಿಕೆಯ ಕಾಲದಲ್ಲಿ ಸ್ಥಾಪನೆಯಾದ ಊರು. ಅಮೆರಿಕ-ಮೆಕ್ಸಿಕೋ ಯುದ್ಧವನ್ನು ಮುಗಿಸಿದ 1848ರ ಗ್ವಾಡಲೂಪೆ ಹಿಡಾಲ್ಗೋ ಒಪ್ಪಂದ ರಿಯೋ ಗ್ರಾಂಡೆಯನ್ನು ಗಡಿಯೆಂದು ನಿಗದಿಪಡಿಸಿದಾಗ ಅಲ್ಲಿನ ಅನೇಕ ಕುಟುಂಬಗಳು ತಾವಿದ್ದಲ್ಲಿಂದ ಕದಲದೆಯೇ ಬೇರೊಂದು ದೇಶಕ್ಕೆ ಸೇರಿದವು.

ಗಡಿಯಿಂದ ನೂರಾರು ಮೈಲಿ ದೂರದ ಉತ್ತರದ ಪ್ಯಾನ್‌ಹ್ಯಾಂಡಲ್ ಪ್ರದೇಶದ ಡೆಫ್ ಸ್ಮಿತ್ ಕೌಂಟಿಯಲ್ಲೂ ಹಿಸ್ಪಾನಿಕ್ ಜನರೇ ಬಹುಸಂಖ್ಯಾತರು. ಹೊಲಗಳ ಕೂಲಿ ಕೆಲಸ, ಬಳಿಕ ದನಗಳನ್ನು ಕೊಬ್ಬಿಸುವ ದೊಡ್ಡ ದೊಡ್ಡಿಗಳು ಮತ್ತು ಮಾಂಸ ಸಂಸ್ಕರಣಾ ಘಟಕಗಳು ಅವರನ್ನು ಆ ಸೀಮೆಗೆ ಕರೆತಂದವು. ಪೂರ್ವ ಟೆಕ್ಸಾಸ್‌ನ ಬಹುಪಾಲು ಕೌಂಟಿಗಳಲ್ಲಿ ಅವರ ಪ್ರಮಾಣ ಕಡಿಮೆಯೇ, ಆದರೆ ಕೋಳಿಮಾಂಸ ಉದ್ಯಮವಿರುವ ಟೈಟಸ್ ಕೌಂಟಿ ಅದಕ್ಕೆ ಅಪವಾದ. ದುಡಿಮೆ ಎಲ್ಲಿದೆಯೋ ಅಲ್ಲಿಗೆ ಜನ ಬಂದಿದ್ದಾರೆ.

ಅಂಕಿಗಳನ್ನು ನೀವೇ ನೋಡುವುದಾದರೆ ಎಚ್ಚರ ವಹಿಸಬೇಕಾದ ಸಂಗತಿಗಳಿವೆ. ಲವಿಂಗ್ ಕೌಂಟಿಯಲ್ಲಿ 2020ರಲ್ಲಿ ಇದ್ದವರು 64 ಜನ. ಅಂಥ ಕಡೆ ಒಂದು ಕುಟುಂಬ ಊರು ಬಿಟ್ಟರೂ ಶೇಕಡಾವಾರು ಏರುಪೇರಾಗುತ್ತದೆ. ದೇಶಮಟ್ಟದಲ್ಲಿ ಹಿಸ್ಪಾನಿಕ್ ಜನರ ಎಣಿಕೆ ವಾಸ್ತವಕ್ಕಿಂತ ಸುಮಾರು ಶೇ. 5ರಷ್ಟು ಕಡಿಮೆಯಾಗಿದೆಯೆಂದು ಜನಗಣತಿ ಇಲಾಖೆಯೇ 2022ರಲ್ಲಿ ಒಪ್ಪಿಕೊಂಡಿದೆ. ಹಾಗಾಗಿ ಚರಂಡಿ, ಡಾಂಬರು ರಸ್ತೆಗಳಿಲ್ಲದ ‘ಕೊಲೋನಿಯಾ’ ವಸತಿಗಳು ಹೆಚ್ಚಿರುವ ಹಿಡಾಲ್ಗೋದಂಥ ಕೌಂಟಿಗಳ ಸಂಖ್ಯೆಯನ್ನು ಕನಿಷ್ಠ ಅಂದಾಜೆಂದು ಓದುವುದೇ ಸರಿಯೆಂದು ನನಗನಿಸುತ್ತದೆ. ಇನ್ನೊಂದು, 2020ರ ಗಣತಿಯಲ್ಲಿ ಹಿಸ್ಪಾನಿಕ್ ಮೂಲವನ್ನು ಜನಾಂಗದಿಂದ ಪ್ರತ್ಯೇಕವಾಗಿ ಕೇಳಲಾಗಿತ್ತು. ಆದ್ದರಿಂದ ಗಣತಿಯ ಕ್ಷೇತ್ರ ಮರುವಿಂಗಡಣೆ (redistricting) ದತ್ತಾಂಶದಲ್ಲಿ ಜನಾಂಗವನ್ನಷ್ಟೇ ತೋರಿಸುವ ಪಿ1 ಕೋಷ್ಟಕದಲ್ಲಿ ಹುಡುಕಬೇಡಿ. ಅದೇ ದತ್ತಾಂಶದ ಪಿ2 ಕೋಷ್ಟಕದಲ್ಲಿ ಪ್ರತಿ ಕೌಂಟಿಯ ಹಿಸ್ಪಾನಿಕ್ ಸಂಖ್ಯೆ ನೇರವಾಗಿ ಸಿಗುತ್ತದೆ.